ಟ್ರೇ ಮೇಲಿನ ಅಮ್ಮ

ಮೊಳೆಯಣ್ಣನ ಕೋಣೆಗೆ ಮೊದಲ ಸಲ ಬಂದವರು ಬಾಗಿಲಲ್ಲೇ ಒಂದು ಗಳಿಗೆ ನಿಂತುಬಿಡುತ್ತಾರೆ. ಇರುವವನು ಒಬ್ಬನೇ, ಆದರೆ ಕೋಣೆ ತುಂಬ ಜನ. ಉಪ್ಪಿನ ಡಬ್ಬಿಯ ಮೇಲೆ ಯಾರೋ ಒಬ್ಬ ಹೆಡ್‌ಮಾಸ್ತರರು ಮುಖ ಗಂಟು ಹಾಕಿಕೊಂಡು ಕೂತಿದ್ದಾರೆ. ಸ್ಟೂಲಿನ ಮೇಲೆ ಒಂದು ಕಿವಿ ಇಲ್ಲದ ಮಗು ನಗುತ್ತಿದೆ. ಬಕೆಟ್ಟಿಗೆ ಮುಚ್ಚಿದ ಹಲಗೆಯ ಮೇಲೆ ಗಂಡ ಹೆಂಡತಿ, ಅದರಲ್ಲಿ ಗಂಡನ ಅರ್ಧ ಮೀಸೆ ಎದ್ದುಹೋಗಿದೆ. ಇವರು ಯಾರೂ ಅವನ ನೆಂಟರಲ್ಲ, ಇಷ್ಟರಲ್ಲ. ಮರದ ಮೇಲೆ ಇಳಿಸಿದ ಚಿತ್ರ ಕೆಟ್ಟಿತೆಂದು ಗಿರಾಕಿಗಳು ಬೇಡವೆಂದು ಬಿಟ್ಟುಹೋದವರು. ಮನುಷ್ಯರ ಮುಖವನ್ನು ಕಸದ ಬುಟ್ಟಿಗೆ ಹಾಕುವುದು ಹೇಗೆ ಎಂದು ಇವನು ಒಬ್ಬೊಬ್ಬರನ್ನೇ ಇಟ್ಟುಕೊಂಡಿದ್ದಾನೆ. "ಏನ್ ಸಾರ್, ಇವತ್ತೂ ಸಿಟ್ಟಾ?" ಎಂದು ಹೆಡ್‌ಮಾಸ್ತರರನ್ನು ಕೇಳಿಯೇ ಬೆಳಿಗ್ಗೆ ಉಪ್ಪು ತೆಗೆಯುತ್ತಾನೆ. ಕೆಲವು ದಿನ ಅವನು ಬಾಯಿ ಬಿಟ್ಟು ಆಡುವ ಮಾತು ಅದೊಂದೇ.

ಮೊಳೆಯಣ್ಣ ಅಂದರೆ ಗೋಡೆಗೆ ಹೊಡೆಯುವ ಮೊಳೆ ಅಲ್ಲ, ಅಚ್ಚಿನ ಮೊಳೆ. ಮೂವತ್ತೊಂದು ವರ್ಷ ಒಂದು ಪ್ರೆಸ್ಸಿನಲ್ಲಿ ಸೀಸದ ಅಕ್ಷರಗಳನ್ನು ಖಾನೆಯಿಂದ ಹೆಕ್ಕಿ ಹೆಕ್ಕಿ ಸಾಲು ಜೋಡಿಸಿದವನು. ಮೊಳೆಯಲ್ಲಿ ಅಕ್ಷರ ತಿರುಗಿರುತ್ತದೆ, ಕಾಗದಕ್ಕೆ ಒತ್ತಿದಾಗ ನೆಟ್ಟಗಾಗುತ್ತದೆ. ಹಾಗಾಗಿ ತಿರುಗಿದ್ದನ್ನು ಓದುವುದರಲ್ಲಿ ಅವನದು ಎತ್ತಿದ ಕೈ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಪ್ರೂಫ್ ತಿದ್ದೋ ಗಡಿಬಿಡೀಲಿ ಮರೆತೇ ಹೋಯ್ತು ನೋಡಿ" ಎನ್ನುತ್ತಿದ್ದ. ಅಪ್ಪ ಬಹಳ ಹಿಂದೆಯೇ ಹೋಗಿದ್ದರು. ಅಕ್ಕ ಮದುವೆಯಾಗಿ ಹೋದಳು. ಉಳಿದವರು ಅಮ್ಮ ಮತ್ತು ಅವನು. ಇಬ್ಬರಿಗೇ ಮನೆ ಸಾಕಾಗಿತ್ತು, ವರ್ಷಗಳು ಹಾಗೇ ಸರಿದವು.

ಅಮ್ಮ ಹೋದರು. ಆಮೇಲೆ ಪ್ರೆಸ್ಸೂ ಬಾಗಿಲು ಹಾಕಿತು. ಇಸ್ತ್ರಿ ಅಂಗಡಿಯ ಮೇಲಿನ ಈ ಕೋಣೆಗೆ ಬಂದ ಮೊಳೆಯಣ್ಣನಿಗೆ ಕೈ ಸುಮ್ಮನಿಡಲು ಬಾರದು. ಹಳೆಯ ಸಹೋದ್ಯೋಗಿ ಒಬ್ಬ ಮರದ ಮೇಲೆ ಚಿತ್ರ ಇಳಿಸುವುದನ್ನು ತೋರಿಸಿಕೊಟ್ಟ. ಬ್ರಹ್ಮವಿದ್ಯೆಯೇನಲ್ಲ. ಪುಡಿ ಶಾಯಿ ಬಳಸುವ ಲೇಸರ್ ಯಂತ್ರದಲ್ಲಿ ತೆಗೆದ ಪ್ರಿಂಟು ಬೇಕು, ನೀರು ಶಾಯಿಯದಾದರೆ ಕೆಲಸ ಕೆಟ್ಟಂತೆ. ಡಬ್ಬಿಗೋ ಹಲಗೆಗೋ ತೆಳ್ಳಗೆ ಬಿಳಿ ಅಂಟು ಸವರಿ, ಚಿತ್ರವನ್ನು ಮುಖ ಕೆಳಗೆ ಮಾಡಿ ಹಾಸಿ, ಚಮಚದ ಬೆನ್ನಿನಿಂದ ಗಾಳಿಗುಳ್ಳೆ ತಳ್ಳಿ, ಒಂದು ದಿನ ಒಣಗಲು ಬಿಡಬೇಕು. ಮಾರನೆಯ ದಿನ ಒದ್ದೆ ಬಟ್ಟೆ ಒತ್ತಿ ಬೆರಳ ತುದಿಯಿಂದ ಉಜ್ಜಿದರೆ ಕಾಗದ ಸುರುಳಿ ಸುರುಳಿಯಾಗಿ ಎದ್ದುಬರುತ್ತದೆ, ಶಾಯಿ ಮಾತ್ರ ಮರದಲ್ಲಿ ಉಳಿಯುತ್ತದೆ. ಜೋರಾಗಿ ಉಜ್ಜಿದಿರೋ, ಕಿವಿಯೋ ಮೀಸೆಯೋ ಕಾಗದದ ಜೊತೆಗೇ ಹೊರಟುಹೋಯಿತು. ಇನ್ನೊಂದು ಎಚ್ಚರ: ಮುಖ ಕೆಳಗೆ ಮಾಡಿ ಅಂಟಿಸುವುದರಿಂದ ಎಡ ಬಲ ಅದಲು ಬದಲಾಗುತ್ತದೆ. ಪ್ರಿಂಟನ್ನೇ ಮೊದಲು ತಿರುಗಿಸಿ ತೆಗೆಸಿಕೊಳ್ಳಬೇಕು. ಬೇರೆಯವರು ಇದನ್ನು ಮರೆತು ತಲೆ ಚಚ್ಚಿಕೊಳ್ಳುತ್ತಾರೆ. ಮೊಳೆಯಣ್ಣ ಮರೆಯುವ ಮಾತೇ ಇರಲಿಲ್ಲ, ಅವನ ಬದುಕೇ ಅದಾಗಿತ್ತಲ್ಲ.

ಇಷ್ಟು ಹೇಳಿ ಅಕ್ಕನ ವಿಷಯ ಬಿಟ್ಟರೆ ಕತೆ ಹೇಳಿದ ಹಾಗಾಗುವುದಿಲ್ಲ. ಅಕ್ಕ ಅವನಿಗಿಂತ ಆರು ವರ್ಷ ದೊಡ್ಡವಳು. ಇದೇ ಊರಿನಲ್ಲಿ, ಎರಡು ಬಸ್ಸು ಬದಲಿಸಿದರೆ ಸಿಗುವ ಮನೆಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಇವರಿಬ್ಬರ ನಡುವೆ ಮಾತು ನಿಂತು ಇಪ್ಪತ್ತೆರಡು ವರ್ಷ. ಕಾರಣ ಕೇಳಿದರೆ ನಗುತ್ತೀರಿ: ಅಮ್ಮನ ಒಂದು ಫೋಟೊ.

ಅಮ್ಮನಿಗೆ ಫೋಟೊ ಅಂದರೆ ಆಗುತ್ತಿರಲಿಲ್ಲ. ಮೂವತ್ತೆರಡು ಮೂವತ್ತಮೂರರ ವಯಸ್ಸಿನಲ್ಲಿ ಯಾರದೋ ಬಲವಂತಕ್ಕೆ ತೆಗೆಸಿಕೊಂಡ ಒಂದೇ ಒಂದು ಕಪ್ಪು ಬಿಳುಪು ಫೋಟೊ, ಅಂಗೈಯಗಲದ್ದು. ಅಮ್ಮ ಹೋದ ಮೇಲೆ ಬಾಡಿಗೆ ಮನೆ ಖಾಲಿ ಮಾಡುವ ದಿನ ಅಕ್ಕ ಅದು ನನಗೆ ಬೇಕು ಅಂದಳು. ಕೊನೆಗಾಲದಲ್ಲಿ ನೋಡಿಕೊಂಡವನು ನಾನು, ನನಗೆ ಬೇಕು ಅಂದ ಇವನು.

"ನಕಲು ತೆಗೆಸಿ ಕೊಡ್ತೀನಿ ಬಿಡೇ."

"ನಕಲು ನೀನಿಟ್ಕೋ. ಅಸಲು ನನಗೆ ಕೊಡು."

"ಎರಡೂ ಒಂದೇ ಅಲ್ವಾ?"

"ಒಂದೇ ಆದ್ರೆ ನಿನಗ್ಯಾಕೆ ಅಸಲೇ ಬೇಕು?"

ಅವನಿಗೆ ಸಿಟ್ಟು ಬಂತು. ಮದುವೆಯಾಗಿ ಹೋದವಳಿಗೆ ಅಮ್ಮನ ನೆನಪಾದದ್ದು ಈಗಲಾ ಎಂದುಬಿಟ್ಟ. ಆಡಬಾರದ ಮಾತು, ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ, ಆದರೆ ಅಷ್ಟರಲ್ಲಿ ಅಕ್ಕ ಮೆಟ್ಟಿಲು ಇಳಿದಾಗಿತ್ತು. ಎಂಥ ಸಿಟ್ಟಿನಲ್ಲಿ ಹೋದಳೆಂದರೆ ತನ್ನ ಪಾಲಿಗೆ ಎತ್ತಿಟ್ಟುಕೊಂಡಿದ್ದ ಅಮ್ಮನ ಮರದ ಟೀ ಟ್ರೇಯನ್ನೂ ಅಲ್ಲೇ ಬಿಟ್ಟು ಹೋದಳು. ಅವಳಾಗಿ ಬರಲಿ ಎಂದು ಇವನು, ಅವನಾಗಿ ತರಲಿ ಎಂದು ಅವಳು. ಹಠಕ್ಕೆ ಬಿದ್ದರೆ ಈ ಮನೆತನದವರನ್ನು ಮೀರಿಸುವವರಿಲ್ಲ.

ಈ ವರ್ಷ ಮೊಳೆಯಣ್ಣನಿಗೆ ಜ್ವರ ಬಂತು. ಮೂರು ದಿನ ಮಲಗಿದ್ದ, ಯಾರೂ ಬಾಗಿಲು ತಟ್ಟಲಿಲ್ಲ. ತಟ್ಟುವವರಾದರೂ ಯಾರು? ನಾಲ್ಕನೆಯ ದಿನ ಕೆಳಗಿನ ಇಸ್ತ್ರಿಯವನು, ಮೇಲೆ ನೀರಿನ ಸದ್ದೇ ಇಲ್ಲವಲ್ಲ ಎಂದು ಅನುಮಾನಪಟ್ಟು ಬಂದ. ಮಾತ್ರೆ ತಂದುಕೊಟ್ಟು, ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಕೇಳಿದ, "ನಿಮ್ಮವರು ಅಂತ ಯಾರಿಗಾದ್ರೂ ಹೇಳ್ಬೇಕಾ ಅಣ್ಣ?"

"ಯಾರೂ ಇಲ್ಲಪ್ಪ," ಎಂದ ಮೊಳೆಯಣ್ಣ.

ಹಾಗಂದವನ ತಲೆಯೊಳಗೆ ಒಂದು ಫೋನ್ ನಂಬರು ತಾನೇ ತಾನಾಗಿ ಓಡಿತು. ಇಪ್ಪತ್ತೆರಡು ವರ್ಷದಿಂದ ಒತ್ತದ ನಂಬರು, ಒಂದು ಅಂಕಿಯೂ ಅಳಿಸಿರಲಿಲ್ಲ. ಅವನು ಗೋಡೆಯ ಕಡೆ ತಿರುಗಿ ಮಲಗಿ ಅತ್ತ. ಇಲ್ಲಿ ಮುಚ್ಚಿಡುವುದೇನು, ಅರವತ್ತೆಂಟು ವರ್ಷದ ಗಂಡಸು ಮಗುವಿನ ಹಾಗೆ ಅತ್ತ. ಅವನಿಗೆ ಬೇಕಾಗಿದ್ದದ್ದು ಒಂದೇ: ಅಕ್ಕ ಒಂದು ಸಲ 'ಬಾ' ಅನ್ನಬೇಕು. ಅಷ್ಟಾದರೆ ಸಾಕಿತ್ತು.

ಜ್ವರ ಬಿಟ್ಟಿತು. ಮೊಳೆಯಣ್ಣ ಮಂಚದ ಕೆಳಗಿನಿಂದ ಅಮ್ಮನ ಟ್ರೇ ಎಳೆದ. ಎರಡು ಕಡೆ ಹಿಡಿ ಇರುವ ದಪ್ಪ ಮರದ ಟ್ರೇ, ನಡುವೆ ಲೋಟ ಇಟ್ಟು ಇಟ್ಟು ಬಿದ್ದ ಉಂಗುರದ ಗುರುತುಗಳು. ಇದರ ಮೇಲೆ ಅಮ್ಮನನ್ನು ಇಳಿಸಿ ಅಕ್ಕನಿಗೆ ಕಳಿಸುವುದು ಎಂದು ತೀರ್ಮಾನಿಸಿದ. ಅಸಲೂ ಅಲ್ಲ, ನಕಲೂ ಅಲ್ಲ, ಅಮ್ಮನ ಮರದೊಳಗೇ ಅಮ್ಮ. ಇದನ್ನು ಬೇಡ ಅನ್ನಲಿ ನೋಡೋಣ! ಎರಡು ದಿನ ಉಪ್ಪುಕಾಗದ ಹಿಡಿದು ಟ್ರೇ ತಿಕ್ಕಿದ. ಉಂಗುರದ ಗುರುತುಗಳನ್ನು ಪೂರ್ತಿ ತೆಗೆಯಲು ಕೈ ಬರಲಿಲ್ಲ, ಒಂದೆರಡನ್ನು ಹಾಗೇ ಬಿಟ್ಟ.

ಪ್ರಿಂಟು ಅಂಗಡಿಯಾಕೆ ಅವನಿಗೆ ವರ್ಷಗಟ್ಟಲೆಯ ಪರಿಚಯ. ಹೋದಾಗಲೆಲ್ಲ ಇವನು ಹೇಳುವುದು ಒಂದೇ ಮಾತು: "ತಿರುಗಿಸಿ ಕೊಡಮ್ಮ." ಕೇಳಿ ಕೇಳಿ ಸಾಕಾಗಿದ್ದ ಆಕೆ ಆ ದಿನ ಫೋಟೊ ಯಂತ್ರದಲ್ಲಿಟ್ಟು ತಾನಾಗಿಯೇ ತಿರುಗಿಸಿದ್ದಳು. ಮೊಳೆಯಣ್ಣನ ಗಮನವೆಲ್ಲ ಫೋಟೊದ ಮೂಲೆ ಮಡಚೀತೇ ಎಂಬ ಕಡೆಗೆ. ಅಭ್ಯಾಸ ಬಲದಿಂದ ಮತ್ತೆ, "ತಿರುಗಿಸಮ್ಮ," ಅಂದ.

"ಇನ್ನೂ ತಿರುಗಿಸ್ಬೇಕಾ?"

"ಹೂಂ, ತಿರುಗಿಸ್ದೆ ಹೇಗೆ?"

ಹಿರಿಯರು, ಕೆಲಸ ಬಲ್ಲವರು, ಏನೋ ಲೆಕ್ಕ ಇರಬೇಕು ಎಂದು ಆಕೆ ಇನ್ನೊಮ್ಮೆ ತಿರುಗಿಸಿ ಕೊಟ್ಟಳು. ತಿರುಗಿದ್ದು ಮತ್ತೆ ನೆಟ್ಟಗಾಗಿ ಅವನ ಕೈಗೆ ಬಂತು. ಒಂದೇ ಒಂದು ಅಕ್ಷರ ಅದರಲ್ಲಿದ್ದಿದ್ದರೂ ಹತ್ತು ಮಾರು ದೂರದಿಂದಲೇ ಹಿಡಿಯುತ್ತಿದ್ದ. ಅಲ್ಲಿದ್ದದ್ದು ಬರೀ ಮುಖ. ಮುಖ ಓದಲು ಮೂವತ್ತೊಂದು ವರ್ಷದಲ್ಲಿ ಅವನಿಗೆ ಯಾರೂ ಕಲಿಸಿರಲಿಲ್ಲ.

ಆ ಟ್ರೇಯಷ್ಟು ಜೋಪಾನವಾಗಿ ಅವನು ಯಾವ ಕೆಲಸವನ್ನೂ ಮಾಡಿದವನಲ್ಲ. ಉಜ್ಜುವ ದಿನ ಉಗುರು ಕತ್ತರಿಸಿಕೊಂಡು ಕೂತ. ಹಣೆ ಬಂತು, ಹುಬ್ಬು ಬಂತು, ನಗಲೋ ಬೇಡವೋ ಎಂಬಂತಿದ್ದ ತುಟಿ ಬಂತು. ಅಮ್ಮನ ಕಣ್ಣಿನ ಕೆಳಗೆ ಸಾಸಿವೆಯಷ್ಟು ಒಂದು ಮಚ್ಚೆ. ಅದು ಎಲ್ಲಿ ಎದ್ದು ಹೋಗುತ್ತದೋ ಎಂದು ಟ್ರೇಯ ಎಡಗಡೆಯ ಹಿಡಿಯ ಕಡೆಗೆ ಬಗ್ಗಿ, ಕಿರುಬೆರಳಿನಿಂದ ಮೆತ್ತಗೆ ಉಜ್ಜಿದ. ಮಚ್ಚೆ ಉಳಿಯಿತು. "ಬಂದೆಯಾ ಅಮ್ಮ?" ಎಂದು ಜೋರಾಗಿಯೇ ಕೇಳಿದ. ಮೂರು ಸಲ ವಾರ್ನಿಷ್ ಬಳಿದು, ಬಟ್ಟೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಗೆ ಹಾಕಿದ. ಜೊತೆಗೊಂದು ಕಾಗದ ಬರೆಯಬೇಕಲ್ಲ? ಊರಿನವರ ಕಾಗದ ಪತ್ರವನ್ನೆಲ್ಲ ಜೋಡಿಸಿ ಕೊಟ್ಟವನಿಗೆ ತನ್ನ ಅಕ್ಕನಿಗೆ ಎರಡು ಸಾಲು ಬರೆಯಲು ಆಗಲಿಲ್ಲ. ಕೊನೆಗೆ ಚೀಟಿಯಲ್ಲಿ ತನ್ನ ಫೋನ್ ನಂಬರು ಮಾತ್ರ ಬರೆದಿಟ್ಟ. ಎರಡು ಬಸ್ಸಿನ ದೂರಕ್ಕೆ ಕೊರಿಯರು! ಕೊರಿಯರಿನವನೇ, "ಇಲ್ಲೇ ಅಲ್ವಾ, ನೀವೇ ಕೊಟ್ಟು ಬರಬಹುದಿತ್ತು," ಅಂದ. ನಿನಗ್ಯಾಕಪ್ಪ ಅಧಿಕಪ್ರಸಂಗ ಎಂದು ಗದರಿಸಿ ಬಂದ.

ಮಾರನೆಯ ದಿನ ಅಸಲು ಫೋಟೊವನ್ನು ಚೌಕಟ್ಟಿಗೆ ಹಾಕಿ ಗೋಡೆಗೆ ನೇತುಹಾಕಿದ. ಎರಡು ಹೆಜ್ಜೆ ಹಿಂದೆ ಬಂದು ನೋಡಿದ. ಮಚ್ಚೆ ಬಲಗಡೆ ಕಾಣುತ್ತಿತ್ತು.

ತನ್ನ ಕಿರುಬೆರಳನ್ನು ನೋಡಿಕೊಂಡ. ಅದು ಉಜ್ಜಿದ್ದು ಎಡಗಡೆ. ಸ್ಟೂಲಿನ ಮೇಲೆ, ಆ ಮಗುವಿನ ಮುಖದ ಮೇಲೇ ಕುಸಿದು ಕೂತ. ಹಾಗಾದರೆ ಟ್ರೇಯಲ್ಲಿ ಬೈತಲೆ ಆಚೆ ಹೋಗಿದೆ, ಓರೆ ತುಟಿ ಈಚೆ ಬಂದಿದೆ, ಮಚ್ಚೆ ಕೆನ್ನೆ ಬದಲಿಸಿದೆ. ಅಂಗಡಿಯಾಕೆ ಕೇಳಿದ ಪ್ರಶ್ನೆ ಈಗ ಕಿವಿಯಲ್ಲಿ ಗಣಗಣ ಹೊಡೆಯಿತು. ಅಯ್ಯೋ ಬೆಪ್ಪುತಕ್ಕಡಿ, ಜೀವಮಾನವೆಲ್ಲ ಮಾಡದ ತಪ್ಪನ್ನು ಮಾಡಲು ನಿನಗೆ ಅಮ್ಮನ ಮುಖವೇ ಬೇಕಾಗಿತ್ತಾ? ಕೊರಿಯರಿನವರಿಗೆ ಫೋನು ಮಾಡಿದ. ಬೆಳಿಗ್ಗೆಯೇ ತಲುಪಿಸಿಯಾಗಿದೆ ಎಂದರು.

ಆಮೇಲಿನ ದಿನಗಳನ್ನು ಅವನು ಹೇಗೆ ಕಳೆದನೋ ಅವನಿಗೇ ಗೊತ್ತು. ಅಕ್ಕನ ನಾಲಿಗೆ ಎಂಥದ್ದೆಂದು ಬಲ್ಲ. ಅಮ್ಮನನ್ನು ನೋಡಿಕೊಂಡವನು ನಾನು ಎಂದು ಎದೆ ತಟ್ಟಿ ಫೋಟೊ ಕಿತ್ತುಕೊಂಡವನಿಗೆ ಅಮ್ಮನ ಮಚ್ಚೆ ಯಾವ ಕಡೆ ಎಂದೇ ಗೊತ್ತಿಲ್ಲ ಅನ್ನುತ್ತಾಳೆ. ಅಥವಾ ಬೇಕಂತಲೇ ಅಣಕಿಸಲು ಹೀಗೆ ಮಾಡಿದ ಅನ್ನುತ್ತಾಳೆ. ಏನಾದರೂ ಅನ್ನಲಿ, ಅಂದರೆ ಸಾಕಿತ್ತು. ಫೋನು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ನಾಲ್ಕು ದಿನ ಬಚ್ಚಲಿಗೆ ಹೋಗುವಾಗಲೂ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಹೋದ. ಕೆಟ್ಟಿರಬಹುದೇ ಎಂದು ಇಸ್ತ್ರಿಯವನಿಂದ ಒಂದು ಸಲ ಫೋನು ಮಾಡಿಸಿ ನೋಡಿದ. ಚೆನ್ನಾಗಿಯೇ ಇತ್ತು.

ಐದನೆಯ ದಿನ, ತಟ್ಟೆ ತೊಳೆಯುತ್ತಿದ್ದಾಗ ಬಂತು. ಒದ್ದೆ ಕೈಯಲ್ಲೇ ಕಿವಿಗಿಟ್ಟ.

"ಪುಟ್ಟಾ?"

ಆ ಹೆಸರಿನಿಂದ ಅವನನ್ನು ಕರೆಯುವವರು ಭೂಮಿಯ ಮೇಲೆ ಇನ್ನು ಒಬ್ಬಳೇ ಇರುವುದು. ಅವನು ಇನ್ನೊಂದು ಕೈಯನ್ನು ಅಂಗಿಗೆ ಒರೆಸಿಕೊಂಡ.

"ಇದ್ದೀಯೇನೋ? ಫೋನ್ ತಗೊಂಡು ಯಾಕೆ ಬಾಯಿ ಮುಚ್ಕೊಂಡಿದ್ದೀಯ?"

"ಇದ್ದೀನಿ ಅಕ್ಕ." ನಲ್ಲಿ ನಿಲ್ಲಿಸಿದ. "ಅಕ್ಕ, ಆ ಟ್ರೇ ಇದೆಯಲ್ಲ, ಅದು..."

"ನಾನು ಮಾತಾಡ್ತೀನಿ, ನೀನು ಸುಮ್ನಿರು. ನಾಲ್ಕು ದಿನ ಆಯ್ತು ನಾನು ಸರಿಯಾಗಿ ಊಟ ಮಾಡಿ. ನಿನಗೆ ಹೇಗೋ ಗೊತ್ತಾಯ್ತು?"

"ಏನು?"

"ಏನು ಅಂತೆ! ಅಮ್ಮ ನನಗೆ ಹೀಗೇ ಕಾಣ್ತಿದ್ದಿದ್ದು ಅಂತ. ಸ್ಕೂಲಿಗೆ ಹೋಗೋ ಮುಂಚೆ ಅಮ್ಮ ನನ್ನ ಕನ್ನಡಿ ಮುಂದೆ ಕೂರಿಸ್ಕೊಂಡು ಹಿಂದಿನಿಂದ ಜಡೆ ಹಾಕೋರು. ಅರ್ಧ ಗಂಟೆ. ನಾವಿಬ್ರೂ ಮಾತಾಡಿದ್ದೆಲ್ಲ ಕನ್ನಡೀಲೇ. ಮಿಕ್ಕ ಇಡೀ ದಿನ ಅವರಿಗೆ ನನ್ನ ಮುಖ ನೋಡೋಕೆಲ್ಲಿ ಪುರುಸೊತ್ತಿತ್ತು? ಆ ಕನ್ನಡಿ ಒಳಗಿನ ಅಮ್ಮನೇ ಕಣೋ ನನ್ನ ಅಮ್ಮ. ಮಚ್ಚೆ ಈ ಕಡೆನೇ ಇತ್ತು. ನಿನ್ನ ಆ ಫೋಟೊ ನೋಡಿದಾಗೆಲ್ಲ ಏನೋ ಸರಿ ಇಲ್ಲ, ಇವರು ಯಾರೋ ಅನ್ನಿಸ್ತಿತ್ತು. ಆದ್ರೂ ಬೇಕು ಅಂತ ಜಗಳ ಆಡ್ದೆ, ಬೇರೆ ಏನಿತ್ತು ನನ್ನ ಹತ್ರ? ನೀನು ಅದನ್ನ ನೆನಪಿಟ್ಕೊಂಡು, ಬೇಕಂತಲೇ ಹಾಗೆ ಮಾಡಿ..." ಅಕ್ಕನ ದನಿ ಒಡೆಯಿತು. "ಬೇಕಂತಲೇ ತಾನೇ ಮಾಡಿದ್ದು?"

ಆ ಬೆಳಿಗ್ಗೆಗಳಲ್ಲಿ ಪುಟ್ಟ ಎಲ್ಲಿರುತ್ತಿದ್ದ ಅಂದರೆ, ಮೂಲೆಯ ಹಾಸಿಗೆಯಲ್ಲಿ ಹೊದಿಕೆಯೊಳಗೆ ಗೊರಕೆ ಹೊಡೆಯುತ್ತಿದ್ದ. ಒಂದು ದಿನವೂ ಕಣ್ಣು ಬಿಟ್ಟು ನೋಡಿದವನಲ್ಲ. ಮನೆಯಲ್ಲಿ ಅಂಥ ಒಂದು ಅರ್ಧ ಗಂಟೆ ಇತ್ತೆಂದೇ ಅವನಿಗೆ ತಿಳಿದದ್ದು ಈಗ, ಅರವತ್ತೆಂಟನೆಯ ವಯಸ್ಸಿನಲ್ಲಿ. ನಿಜ ಹೇಳಬೇಕೆಂದು ಬಾಯಿ ತೆರೆದ. ಹೇಳಿದರೆ ಆ ಕಡೆ ಫೋನು ಕೆಳಗಿಡುತ್ತಾಳೆ ಎಂದು ಜೀವ ಹೆದರಿತು.

"ಹೂಂ ಅಕ್ಕ," ಎಂದ.

"ಭಾನುವಾರ ಬಾ," ಎಂದಳು ಅಕ್ಕ.

ಭಾನುವಾರ ಮೊಳೆಯಣ್ಣ ಇಸ್ತ್ರಿ ಮಾಡಿಸಿದ ಅಂಗಿ ತೊಟ್ಟು ಎರಡು ಬಸ್ಸು ಬದಲಿಸಿ ಹೋದ. ದಾರಿಯುದ್ದಕ್ಕೂ, ಹೋದ ಕೂಡಲೇ ನಿಜ ಹೇಳಿಬಿಡುವುದು, ಉಳಿದದ್ದು ಆಮೇಲೆ ನೋಡಿದರಾಯಿತು ಎಂದುಕೊಂಡೇ ಕೂತಿದ್ದ. ಬಾಗಿಲು ತೆಗೆದವಳು ಅಕ್ಕನ ಸೊಸೆ. ಅವಳ ಹಿಂದೆ ಕುಳ್ಳಗಾಗಿ, ತಲೆ ಪೂರ್ತಿ ಬೆಳ್ಳಗಾಗಿ ನಿಂತಿದ್ದವಳು ಅಕ್ಕ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಷ್ಟು ಮುದುಕನಾಗಿದ್ದೀಯಲ್ಲೋ ಎಂದು ಅವಳು ಬೈದಳು. ನೀನೇನು ಕಮ್ಮಿ ಎಂದು ಇವನು ಅಂದ. ಅಷ್ಟರ ಮಟ್ಟಿಗೆ ಎಲ್ಲ ಸಲೀಸಾಯಿತು.

ಟ್ರೇ ಟೀ ತರುವುದಕ್ಕೆ ಹೋಗಿರಲಿಲ್ಲ. ಅಕ್ಕ ಅದನ್ನು ತನ್ನ ಮಂಚದ ಎದುರು, ಕೂತರೆ ಕಣ್ಣಿಗೆ ನೇರವಾಗುವಂತೆ ಗೋಡೆಗೆ ಒರಗಿಸಿ ಇಟ್ಟಿದ್ದಳು. "ನೋಡಮ್ಮ, ಇವನೇ ಮಾಡಿದ್ದು," ಎಂದು ಸೊಸೆಗೆ ಹೇಳಿದಳು. "ನನ್ನ ತಮ್ಮ. ಬಾಯಲ್ಲಿ ಒಂದು ಒಳ್ಳೆ ಮಾತು ಬರಲ್ಲ ಇವನಿಗೆ, ಆದ್ರೆ ಒಳಗೆ ಹೇಗಿದ್ದಾನೆ ನೋಡು." ಸೊಸೆ ನಕ್ಕು ಒಳಗೆ ಹೋದಳು. ಮೊಳೆಯಣ್ಣ ಟೀ ಲೋಟವನ್ನೇ ನೋಡುತ್ತ ಕೂತ. ಅಕ್ಕ ಹೊಗಳುತ್ತಿದ್ದ ಆ ತಮ್ಮ ಯಾರೋ, ಅವನ ಕುರ್ಚಿಯಲ್ಲಿ ತಾನು ಬಂದು ಕೂತಂತೆ ಅವನಿಗೆ ಅನ್ನಿಸಿತು. ಕೋಣೆಯಲ್ಲಿ ಒಬ್ಬನೇ ಇದ್ದಾಗ ಆಗದ ಒಂಟಿತನ ಅಕ್ಕನ ಪಕ್ಕ ಕೂತಾಗ ಆಯಿತು.

"ಅಲ್ಲ ಪುಟ್ಟ, ನನಗೊಂದು ಅರ್ಥ ಆಗಿಲ್ಲ," ಎಂದಳು ಅಕ್ಕ, ತನ್ನ ಲೋಟ ಕೆಳಗಿಟ್ಟು. "ಅಮ್ಮ ಜಡೆ ಹಾಕುವಾಗ ನೀನು ಎಲ್ಲಿ ಇರ್ತಿದ್ದೆ? ಕನ್ನಡೀಲಿ ನಿನ್ನ ನೋಡಿದ ನೆನಪೇ ಇಲ್ಲವಲ್ಲ ನನಗೆ."

ಇದೇ ಹೊತ್ತು, ಹೇಳಿಬಿಡು ಎಂದಿತು ಮನಸ್ಸು. ಅಕ್ಕನ ಮುಖ ನೋಡಿದ. ಇಪ್ಪತ್ತೆರಡು ವರ್ಷದ ಮೇಲೆ ಅವನ ಕಡೆ ಅಷ್ಟು ಆಸೆಯಿಂದ ತಿರುಗಿದ್ದ ಮುಖ.

"ಬಾಗಿಲ ಹತ್ರ," ಎಂದ. "ಹೊರಗೆ ನಿಂತಿರ್ತಿದ್ದೆ."

"ದಿನಾನಾ?"

"ಹೂಂ. ದಿನಾ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಕೈ ಚಾಚಿ ಅವನ ಬೋಳು ತಲೆಯ ಮೇಲಿಟ್ಟಳು, ಐದಾರು ವರ್ಷದ ಹುಡುಗನ ತಲೆ ಸವರುವ ಹಾಗೆ. "ಅಯ್ಯೋ ನನ್ನ ಕಂದ, ಒಬ್ಬನೇ ಅಲ್ಲಿ ನಿಂತು ನೋಡ್ತಿದ್ದೆಯಾ? ನಮಗೆ ಗೊತ್ತೇ ಆಗ್ಲಿಲ್ಲವಲ್ಲೋ. ಒಂದು ಮಾತು ಹೇಳಿದ್ರೆ ಒಳಗೆ ಕರ್ಕೊಳ್ತಿದ್ವಿ. ಕರೀಬೇಕಾಗಿತ್ತು ನಾವು, ನಮ್ಮದೇ ತಪ್ಪು," ಎಂದು ಅಳತೊಡಗಿದಳು.

ಆ ಬಾಗಿಲಲ್ಲಿ ಯಾವ ಹುಡುಗನೂ ಯಾವತ್ತೂ ನಿಂತಿರಲಿಲ್ಲ. ಅದು ಗೊತ್ತಿದ್ದವನು ಮೊಳೆಯಣ್ಣ ಒಬ್ಬನೇ. ಆದರೂ ಅಕ್ಕನ ಕೈಯ ಕೆಳಗೆ ತಲೆ ಬಗ್ಗಿಸಿ, ಅವಳಿಗಿಂತ ಜೋರಾಗಿ ಅವನೂ ಅತ್ತ.